ತಲೆಪೆಟ್ಟಿನ ಶಸ್ತ್ರಚಿಕಿತ್ಸೆಗೆ ಅಲ್ಟ್ರಾಸೌಂಡ್: ಥಿಯೇಟರಿನೊಳಗಿಂದ ಒಂದು ವಿಮರ್ಶೆ

ನಮ್ಮ ನರಶಸ್ತ್ರಚಿಕಿತ್ಸಾ ವಿಭಾಗದ ಓ.ಟಿ.ಯಲ್ಲಿ ಮಧ್ಯಮ ದರ್ಜೆಯ, ಚಕ್ರದ ಗಾಡಿಯ ಮೇಲೆ ಕೂರುವ ಅಲ್ಟ್ರಾಸೌಂಡ್ ಯಂತ್ರವೊಂದನ್ನು ಕೆಲವು ವರ್ಷಗಳಿಂದ ಬಳಸುತ್ತಿದ್ದೇವೆ. ಹೆದ್ದಾರಿಯ ಪಕ್ಕದ ಊರಿನ ಆಸ್ಪತ್ರೆಯಾದ್ದರಿಂದ ನಮ್ಮಲ್ಲಿಗೆ ಬರುವವರಲ್ಲಿ ಬಹುಪಾಲು ದ್ವಿಚಕ್ರ ವಾಹನದಿಂದ ಬಿದ್ದು ತಲೆಗೆ ತೀವ್ರ ಪೆಟ್ಟಾದವರು. ಇಂತಹ ರೋಗಿಗಳ ವಿಷಯದಲ್ಲಿ ಈ ಯಂತ್ರ ಎಲ್ಲಿ ನಿಜವಾಗಿ ಕೈಹಿಡಿಯುತ್ತದೆ, ಎಲ್ಲಿ ಅದರ ಮಾತನ್ನು ಪೂರ್ತಿ ನಂಬಬಾರದು ಎಂಬುದನ್ನು, ಇಂತಹದೇ ಯಂತ್ರವನ್ನು ಕೊಳ್ಳಲು ಯೋಚಿಸುತ್ತಿರುವ ಸಹೋದ್ಯೋಗಿಗಳಿಗಾಗಿ ಇಲ್ಲಿ ಬರೆಯುತ್ತಿದ್ದೇನೆ. ಕಂಪನಿಯ ಹೆಸರನ್ನು ಬೇಕೆಂದೇ ಬಿಟ್ಟಿದ್ದೇನೆ. ಇಲ್ಲಿ ಹೇಳಿರುವ ಬಹುಪಾಲು ಸಂಗತಿಗಳು ಈ ದರ್ಜೆಯ ಯಾವ ಯಂತ್ರಕ್ಕಾದರೂ ಅನ್ವಯಿಸುತ್ತವೆ, ಮತ್ತು ಗುಣ-ದೋಷಗಳು ಯಂತ್ರಕ್ಕಿಂತ ಹೆಚ್ಚಾಗಿ ಪ್ರೋಬಿನ (ಶಬ್ದತರಂಗ ಬಿಟ್ಟು ಮತ್ತೆ ಹಿಡಿಯುವ ಕೈಸಾಧನದ) ಆಯ್ಕೆಯಲ್ಲೂ ಅದನ್ನು ಹಿಡಿದ ಕೈಯಲ್ಲೂ ಇರುತ್ತವೆ.

ಯಂತ್ರದ ಜೊತೆ ನಾವು ಮೂರು ಪ್ರೋಬುಗಳನ್ನು ತೆಗೆದುಕೊಂಡೆವು. ಕಣ್ಣಿನ ನರದ ಕವಚವನ್ನು ಅಳೆಯಲು ಹೆಚ್ಚಿನ ಆವರ್ತನದ ಲೀನಿಯರ್ ಪ್ರೋಬ್. ಕಪಾಲದ ಮೂಳೆಯ ಮೂಲಕ ರಕ್ತದ ಹರಿವನ್ನು ನೋಡಲು 2 ಮೆಗಾಹರ್ಟ್ಸ್ ಆಸುಪಾಸಿನ ಫೇಸ್ಡ್ ಅರೇ ಪ್ರೋಬ್. ಮೂಳೆ ತೆಗೆದ ಮೇಲೆ ಮಿದುಳಿನ ಮೇಲೆಯೇ ಇಡಬಹುದಾದ, ಬೆರಳಿನಷ್ಟು ದಪ್ಪದ ತುದಿಯ ಮೈಕ್ರೋಕಾನ್ವೆಕ್ಸ್ ಪ್ರೋಬ್. ಡೆಮೊ ಕೊಡಲು ಬಂದವರು ಮೊದಲ ಎರಡನ್ನು ಬಹಳ ಉತ್ಸಾಹದಿಂದ ತೋರಿಸಿದರು, ಮೂರನೆಯದನ್ನು ಪೆಟ್ಟಿಗೆಯಿಂದ ಹೊರಗೆ ತೆಗೆಯಲೂ ಇಲ್ಲ. ಇಷ್ಟು ದಿನದ ಬಳಕೆಯ ನಂತರ ನನ್ನ ಅಭಿಪ್ರಾಯ ಇದಕ್ಕೆ ತದ್ವಿರುದ್ಧವಾಗಿದೆ. ಹಣ ಒಂದೇ ಪ್ರೋಬಿಗೆ ಸಾಲುವಂತಿದ್ದರೆ ಆ ಮೂರನೆಯದನ್ನೇ ಕೊಳ್ಳಬೇಕು.

ಕಾರಣವನ್ನು ಸ್ವಲ್ಪ ವಿವರವಾಗಿ ಹೇಳಬೇಕು. ವಯಸ್ಕರ ತಲೆಬುರುಡೆ ಶಬ್ದತರಂಗಗಳಿಗೆ ದೊಡ್ಡ ಅಡ್ಡಿ. ಕಿವಿಯ ಮುಂದೆ, ಮೂಳೆ ತೆಳುವಾಗಿರುವ ಒಂದು ಸಣ್ಣ ಜಾಗ ಬಿಟ್ಟರೆ ಒಳಗೆ ಇಣುಕಲು ದಾರಿಯೇ ಕಡಿಮೆ, ಮತ್ತು ವಯಸ್ಸಾದವರಲ್ಲಿ, ಅದರಲ್ಲೂ ವಯಸ್ಸಾದ ಮಹಿಳೆಯರಲ್ಲಿ, ಆ ದಾರಿಯೂ ಎಷ್ಟೋ ಬಾರಿ ಮುಚ್ಚಿರುತ್ತದೆ. ಆದರೆ ತೀವ್ರ ತಲೆಪೆಟ್ಟಿನ ಶಸ್ತ್ರಚಿಕಿತ್ಸೆಯಲ್ಲಿ ನಾವು ತೆಗೆಯುವುದು ಆ ಅಡ್ಡಿಯನ್ನೇ. ಒತ್ತಡ ಇಳಿಸಲು ಮೂಳೆಯನ್ನು ತೆಗೆಯುವ ಡಿಕಂಪ್ರೆಸಿವ್ ಕ್ರೇನಿಯೆಕ್ಟಮಿಯಲ್ಲಿ ಮೂಳೆಯ ತುಂಡು ಕನಿಷ್ಠ 12×15 ಸೆಂ.ಮೀ. ಇರಬೇಕೆಂದು ಬ್ರೈನ್ ಟ್ರಾಮಾ ಫೌಂಡೇಶನ್ನಿನ ಮಾರ್ಗಸೂಚಿ ಹೇಳುತ್ತದೆ. ಅಷ್ಟು ದೊಡ್ಡ ಕಿಟಕಿ ತೆರೆದಿರುವಾಗ, ರೋಗಿಯನ್ನು ಮೇಜಿನಿಂದ ಕದಲಿಸದೆ, ಇಡೀ ಮಿದುಳನ್ನು ಎದುರು ಬದಿಯ ಮೂಳೆಯವರೆಗೂ ನೋಡಬಹುದು. ಸಿ.ಟಿ. ಯಂತ್ರ ಬೇರೆ ಕಟ್ಟಡದಲ್ಲಿರುವ ನಮ್ಮಂತಹ ಆಸ್ಪತ್ರೆಗಳಲ್ಲಿ ಇದರ ಬೆಲೆ ಏನೆಂದು, ವೆಂಟಿಲೇಟರಿನಲ್ಲಿರುವ ರೋಗಿಯನ್ನು ನಡುರಾತ್ರಿ ಸ್ಟ್ರೆಚರಿನಲ್ಲಿ ತಳ್ಳಿಕೊಂಡು ಹೋದ ಎಲ್ಲರಿಗೂ ಗೊತ್ತು.

ನಮ್ಮ ಪದ್ಧತಿ ಹೀಗಿದೆ. ಮೂಳೆ ತೆಗೆದು, ಡ್ಯೂರಾ (ಮಿದುಳಿನ ದಪ್ಪ ಹೊರಪೊರೆ) ಬಿಚ್ಚುವ ಮೊದಲೇ, ಸ್ಟೆರೈಲ್ ಕವರ್ ಹಾಕಿದ ಪ್ರೋಬನ್ನು ಅದರ ಮೇಲೆ ಹಗುರವಾಗಿ ಇಟ್ಟು ಒಂದು ಚಿತ್ರ ಉಳಿಸಿಕೊಳ್ಳುತ್ತೇವೆ. ಆಳವನ್ನು 15 ಸೆಂ.ಮೀ. ಆಸುಪಾಸಿಗೆ ಹೆಚ್ಚಿಸಿ, ಆವರ್ತನವನ್ನು ತಗ್ಗಿಸಬೇಕು. ಇಲ್ಲದಿದ್ದರೆ ಹತ್ತಿರದ್ದು ಚೆನ್ನಾಗಿ ಕಂಡು, ನೋಡಬೇಕಾದ ಎದುರು ಬದಿ ಕತ್ತಲಾಗುತ್ತದೆ. ಪರದೆಯ ನಡುವೆ ಅಡ್ಡಲಾಗಿ ಹೊಳೆಯುವ ಗೆರೆ ಫಾಲ್ಕ್ಸ್, ಅಂದರೆ ಮಿದುಳಿನ ಎರಡು ಅರ್ಧಗೋಳಗಳ ನಡುವಿನ ಪೊರೆ. ಮಿದುಳಿನೊಳಗಿನ ದ್ರವ ತುಂಬಿದ ಕುಹರಗಳು ಕಪ್ಪಗೆ, ಅವುಗಳೊಳಗೆ ಆ ದ್ರವವನ್ನು ಸ್ರವಿಸುವ ಕೋರಾಯ್ಡ್ ಪ್ಲೆಕ್ಸಸ್ ಬೆಳ್ಳಗೆ ಕಾಣುತ್ತವೆ. ಪ್ರೋಬನ್ನು ಕೊಂಚ ಕೆಳಕ್ಕೆ ವಾಲಿಸಿದರೆ ಚಿಟ್ಟೆಯ ಆಕಾರದ ಮಧ್ಯಮಿದುಳು, ಅದರ ಸುತ್ತ ಬೆಳ್ಳನೆಯ ಸಿಸ್ಟರ್ನುಗಳು (ದ್ರವದ ಜಾಗಗಳು). ಪರದೆಯ ತಳದಲ್ಲಿ, ಬಿಲ್ಲಿನಂತೆ ಬಾಗಿದ ದಪ್ಪ ಬಿಳಿ ಗೆರೆ ಎದುರು ಬದಿಯ ತಲೆಬುರುಡೆಯ ಒಳಮೈ. ಈ ಕೊನೆಯ ಗೆರೆ ಕಾಣದೆ ಇದ್ದರೆ ಪರೀಕ್ಷೆ ಮುಗಿದಿಲ್ಲವೆಂದೇ ಅರ್ಥ. ಇಷ್ಟೆಲ್ಲ ನೋಡಲು, ಕೈ ಪಳಗಿದ ಮೇಲೆ, ಬಹಳ ಹೊತ್ತು ಬೇಕಾಗುವುದಿಲ್ಲ.

ಮೊದಲ ಚಿತ್ರವನ್ನು ಉಳಿಸಿಕೊಳ್ಳುವುದು ಏಕೆಂದರೆ ಮುಂದೆ ಬರುವ ಚಿತ್ರಕ್ಕೆ ಹೋಲಿಸಲು. ಸಬ್‌ಡ್ಯೂರಲ್ ರಕ್ತಗಡ್ಡೆಯನ್ನು (ಡ್ಯೂರಾದ ಕೆಳಗೆ ಸೇರಿದ್ದನ್ನು) ತೆಗೆದ ಮೇಲೆ ಮಿದುಳು ಸಡಿಲವಾಗಿ ಒಳಕ್ಕೆ ಇಳಿದರೆ ಎಲ್ಲರಿಗೂ ನೆಮ್ಮದಿ. ಕೆಲವು ಬಾರಿ ಹಾಗಾಗುವುದಿಲ್ಲ. ಗಡ್ಡೆ ಹೊರಬಂದ ಕೆಲವೇ ನಿಮಿಷಗಳಲ್ಲಿ ಮಿದುಳು ಮೂಳೆಯ ಅಂಚನ್ನು ಮೀರಿ ಉಬ್ಬಿ ಬರತೊಡಗುತ್ತದೆ. ಆಗ ಅರಿವಳಿಕೆ ತಜ್ಞರು ಕತ್ತು ತಿರುಚಿದೆಯೇ, ಕೊಳವೆ ಮಡಚಿದೆಯೇ, ಇಂಗಾಲದ ಡೈಆಕ್ಸೈಡ್ ಏರಿದೆಯೇ ಎಂದು ನೋಡುತ್ತಾರೆ. ಅದೆಲ್ಲ ಸರಿಯಿದ್ದರೆ ಉಳಿಯುವ ಪ್ರಶ್ನೆ ಒಂದೇ: ಇದು ಬರೀ ಊತವೇ, ಅಥವಾ ಬೇರೆಲ್ಲೋ ಹೊಸ ರಕ್ತಸ್ರಾವ ಆಗುತ್ತಿದೆಯೇ? ಎದುರು ಬದಿಯಲ್ಲಿ ಮೂಳೆ ಬಿರುಕು ಬಿಟ್ಟಿದ್ದರೆ, ಈ ಬದಿಯ ಒತ್ತಡ ಇಳಿದ ಕೂಡಲೇ ಆ ಬದಿಯಲ್ಲಿ ಎಪಿಡ್ಯೂರಲ್ (ಮೂಳೆಗೂ ಡ್ಯೂರಾಗೂ ನಡುವಿನ) ರಕ್ತಗಡ್ಡೆ ಬೆಳೆಯುವುದು ನಾವೆಲ್ಲ ಓದಿರುವ, ಕೆಲವರು ಕಣ್ಣಾರೆ ಕಂಡಿರುವ ಅಪಾಯ. ಅಷ್ಟು ಹೊತ್ತೂ ಎದುರಿನ ಒತ್ತಡವೇ ಅದನ್ನು ಒತ್ತಿ ಹಿಡಿದಿರುತ್ತದೆ.

ಈ ಯಂತ್ರ ಬರುವ ಮೊದಲು ನಮಗಿದ್ದ ದಾರಿಗಳು ಎರಡು: ಅವಸರದಲ್ಲಿ ಚರ್ಮ ಹೊಲಿದು ಸಿ.ಟಿ.ಗೆ ಓಡುವುದು, ಇಲ್ಲವೇ ಎದುರು ಬದಿಯಲ್ಲಿ ಅಂದಾಜಿನ ಮೇಲೆ ರಂಧ್ರ ಕೊರೆದು ನೋಡುವುದು. ಒಂದು ರಾತ್ರಿಯ ಪ್ರಸಂಗವನ್ನು ಇಲ್ಲಿ ಹೇಳಬೇಕು. ಎಡಬದಿಯ ಸಬ್‌ಡ್ಯೂರಲ್ ತೆಗೆದಿದ್ದ ಯುವಕನೊಬ್ಬನ ಮಿದುಳು ಹೀಗೆಯೇ ಉಬ್ಬತೊಡಗಿತು. ಪ್ರೋಬ್ ಇಟ್ಟಾಗ, ಎಡದಿಂದ ಬಲಕ್ಕೆ ಸರಿದಿದ್ದ ಫಾಲ್ಕ್ಸಿನ ಗೆರೆ ಈಗ ನಡುವನ್ನು ದಾಟಿ ನಮ್ಮ ಕಡೆಗೇ ವಾಲಿತ್ತು. ಬಲಬದಿಯ ಮೂಳೆಯ ಬಿಳಿಗೆರೆಯ ಮುಂದೆ, ಮೊದಲ ಚಿತ್ರದಲ್ಲಿ ಇಲ್ಲದಿದ್ದ, ಮಸೂರದ ಆಕಾರದ ಒಂದು ದಪ್ಪ ಪದರ ಕಾಣುತ್ತಿತ್ತು. ಪದರದ ಅಂಚು ಚೂಪಾಗಿ, ಒಳಭಾಗ ಬೆಳ್ಳಗೆ ಕಾಣುತ್ತಿತ್ತು; ಒಂದು ತುದಿ ಮಾತ್ರ ಇನ್ನೂ ಕಪ್ಪಗಿತ್ತು, ಅಲ್ಲಿ ರಕ್ತ ಇನ್ನೂ ಹೆಪ್ಪುಗಟ್ಟಿರಲಿಲ್ಲ. ಎಡಬದಿಯನ್ನು ತಾತ್ಕಾಲಿಕವಾಗಿ ಮುಚ್ಚಿ, ತಲೆ ತಿರುಗಿಸಿ, ಬಲಬದಿಯನ್ನು ತೆರೆದೆವು. ಎಪಿಡ್ಯೂರಲ್ ಅಲ್ಲಿಯೇ ಇತ್ತು. ಸಿ.ಟಿ.ಗೆ ಕರೆದೊಯ್ದು ತರುವಷ್ಟು ಅವಕಾಶವನ್ನು ಆ ಮಿದುಳು ನಮಗೆ ಕೊಡುತ್ತಿತ್ತೆಂದು ನಾನು ನಂಬುವುದಿಲ್ಲ.

ಎದುರು ಬದಿಯಲ್ಲಿ ಏನೂ ಇಲ್ಲ ಎಂದು ತಿಳಿಯುವುದಕ್ಕೂ ಅಷ್ಟೇ ಬೆಲೆಯಿದೆ. ಗಡ್ಡೆ ತೆಗೆದ ಮೇಲೆ ಮೂಳೆಯನ್ನು ಮರಳಿ ಇಡುವುದೋ, ಬಿಡುವುದೋ ಎಂಬುದು ಪ್ರತಿ ತೀವ್ರ ಸಬ್‌ಡ್ಯೂರಲ್ ಶಸ್ತ್ರಚಿಕಿತ್ಸೆಯ ಕೊನೆಯಲ್ಲೂ ಎದುರಾಗುವ ತೀರ್ಮಾನ. 2023ರಲ್ಲಿ ಪ್ರಕಟವಾದ ರೆಸ್ಕ್ಯೂ-ಎಎಸ್‌ಡಿಎಚ್ ಅಧ್ಯಯನದಲ್ಲಿ 450 ರೋಗಿಗಳನ್ನು ಈ ಎರಡು ಗುಂಪುಗಳಿಗೆ ಹಂಚಲಾಗಿತ್ತು. ಒಂದು ವರ್ಷದ ನಂತರ ಎರಡೂ ಗುಂಪುಗಳ ಸ್ಥಿತಿ ಒಂದೇ ಬಗೆಯಲ್ಲಿತ್ತು. ಆದರೆ ಮೂಳೆ ಮರಳಿಟ್ಟವರಲ್ಲಿ ಎರಡು ವಾರಗಳೊಳಗೆ ಮತ್ತೊಮ್ಮೆ ತಲೆಯ ಶಸ್ತ್ರಚಿಕಿತ್ಸೆ ಬೇಕಾದವರು 14.6 ಶೇಕಡಾ, ಮೂಳೆ ತೆಗೆದವರಲ್ಲಿ 6.9 ಶೇಕಡಾ. ಗಾಯದ ತೊಂದರೆಗಳು ಮಾತ್ರ ಮೂಳೆ ತೆಗೆದವರಲ್ಲೇ ಹೆಚ್ಚು: 12.2 ಶೇಕಡಾ, ಇನ್ನೊಂದು ಗುಂಪಿನಲ್ಲಿ 3.9 ಶೇಕಡಾ. ಮಿದುಳು ಸಡಿಲವಾಗಿದ್ದರೆ ಮೂಳೆ ಇಡುವುದೇ ಸರಿ ಎನ್ನಲು ಇದು ಆಧಾರ ಕೊಡುತ್ತದೆ. ಆದರೆ ಮೇಲ್ಮೈ ಸಡಿಲವಾಗಿ ಕಂಡರೂ ಆಳದಲ್ಲಿ ಜಜ್ಜಿದ ಭಾಗವೊಂದು ರಕ್ತ ತುಂಬಿಕೊಳ್ಳುತ್ತಿರಬಹುದು. ಡ್ಯೂರಾ ಮುಚ್ಚುವ ಮೊದಲು ಮಧ್ಯರೇಖೆ ಎಷ್ಟು ಮರಳಿದೆ, ಕುಹರ ತೆರೆದುಕೊಂಡಿದೆಯೇ, ಟೆಂಪೊರಲ್ ಭಾಗದ (ಕಿವಿಯ ಬದಿಯ ಮಿದುಳಿನ) ಗಾಯ ಮೊದಲಿನಷ್ಟೇ ಇದೆಯೇ ಎಂದು ನೋಡಿಕೊಂಡು ಮೂಳೆ ಮರಳಿಡುವಾಗ ನನಗೆ ಸಿಗುವ ಧೈರ್ಯ, ಬೆರಳಿನಿಂದ ಮಿದುಳನ್ನು ಮುಟ್ಟಿ ನೋಡಿದಾಗ ಸಿಗುತ್ತಿರಲಿಲ್ಲ.

ಈ ಪ್ರೋಬಿಗೂ ಮಿತಿಗಳಿವೆ, ಅವುಗಳನ್ನು ತಿಳಿಯದೆ ಬಳಸುವುದು ಅಪಾಯ. ಮೂಳೆಯ ಅಂಚಿನ ಕೆಳಗೆ ಅಡಗಿರುವ ತೆಳು ರಕ್ತಪದರ, ಪ್ರೋಬನ್ನು ಓರೆ ಮಾಡದ ಹೊರತು, ಕಾಣುವುದಿಲ್ಲ. ಪ್ರೋಬಿಗೆ ತಾಗಿಕೊಂಡೇ ಇರುವ ಮೊದಲ ಕೆಲವು ಮಿಲಿಮೀಟರು ಮಸುಕು. ರಕ್ತ ನಿಲ್ಲಿಸಲು ಇಟ್ಟ ಸರ್ಜಿಸೆಲ್ ಮತ್ತು ಜೆಲ್‌ಫೋಮ್ ಬೆಳ್ಳಗೆ ಹೊಳೆದು, ಉಳಿದುಹೋದ ಗಡ್ಡೆಯೇನೋ ಎಂಬ ಭ್ರಮೆ ಹುಟ್ಟಿಸುತ್ತವೆ. ಆದ್ದರಿಂದ ಅವನ್ನು ಇಡುವ ಮೊದಲೇ ಒಮ್ಮೆ ನೋಡಿಬಿಡುವುದು ಒಳ್ಳೆಯದು. ಗಾಳಿಯ ಗುಳ್ಳೆ ಇಡೀ ಚಿತ್ರವನ್ನು ಕೆಡಿಸುತ್ತದೆ, ಸಲೈನಿನಿಂದ ತುಂಬಿ ಗಾಳಿ ಹೊರಡಿಸಬೇಕು. ಊತಕ್ಕೂ ಹಳೆಯ ಜಜ್ಜುಗಾಯಕ್ಕೂ ವ್ಯತ್ಯಾಸ ಹೇಳುವುದು ಅನುಭವಿಗಳಿಗೂ ಕಷ್ಟ. ತಲೆಬುರುಡೆಯ ಹಿಂಭಾಗದ ಕೆಳಗಿನ ಪ್ರದೇಶ, ಅಂದರೆ ಕಿರುಮಿದುಳಿನ ಸುತ್ತಲಿನದು, ಈ ಕಿಟಕಿಯಿಂದ ನಂಬುವಷ್ಟು ಕಾಣುವುದಿಲ್ಲ. ಮೊದಲ ಸಿ.ಟಿ.ಗೆ ಬದಲಿಯಾಗಿ ಇದನ್ನು ಯಾರೂ ಯೋಚಿಸಬಾರದು.

ಶಸ್ತ್ರಚಿಕಿತ್ಸೆಯ ನಂತರದ ದಿನಗಳಲ್ಲಿ, ಮೂಳೆ ಇಲ್ಲದ ಜಾಗದ ಚರ್ಮದ ಮೇಲಿಂದ, ಐಸಿಯು ಹಾಸಿಗೆಯ ಬಳಿಯೇ ನೋಡುವ ಅನುಕೂಲವನ್ನು ನಾವು ನಿಧಾನವಾಗಿ ಕಂಡುಕೊಂಡೆವು. ಕುಹರ ಹಿಗ್ಗುತ್ತಿದೆಯೇ, ನೀರು ತುಂಬಿದೆಯೇ, ಹೊಸ ರಕ್ತ ಸೇರಿದೆಯೇ ಎಂಬುದನ್ನು ದಿನವೂ ನೋಡಬಹುದು. ಹೊಲಿಗೆಯನ್ನು ತಪ್ಪಿಸಿ, ಒತ್ತಡ ಹಾಕದೆ, ಸ್ಟೆರೈಲ್ ಜೆಲ್ ಬಳಸಿ ಮಾಡಿದರೆ ರೋಗಿಗೆ ತೊಂದರೆಯಿಲ್ಲ. ಇದರಿಂದ ಅನಗತ್ಯ ಸಿ.ಟಿ. ಪ್ರಯಾಣಗಳು ಕಡಿಮೆಯಾದವು, ಬೇಕಾದವರನ್ನು ಬೇಗ ಕಳಿಸುವಂತಾಯಿತು. ಯುವಕರಲ್ಲಿ, ಊತದಿಂದ ಕುಹರ ಬರೀ ಸೀಳಿನಂತಾಗಿರುವಾಗ, ಡ್ರೈನ್ ಕೊಳವೆಯನ್ನು ಕಣ್ಣೆದುರೇ ಒಳಗೆ ನಡೆಸಲೂ ಇದು ಸಹಾಯಕ.

ಇನ್ನು ಕಣ್ಣಿನ ನರದ ಕವಚದ ಅಳತೆ. ಡೆಮೊದಲ್ಲಿ ಇದಕ್ಕೇ ಹೆಚ್ಚು ಪ್ರಚಾರ ಸಿಕ್ಕಿತ್ತು. ಆ ಕವಚದೊಳಗಿನ ದ್ರವದ ಜಾಗ ಮಿದುಳಿನ ಸುತ್ತಲಿನ ಜಾಗಕ್ಕೇ ಕೂಡಿಕೊಂಡಿರುವುದರಿಂದ, ತಲೆಯೊಳಗಿನ ಒತ್ತಡ ಏರಿದಾಗ ಕವಚ ಹಿಗ್ಗುತ್ತದೆ. ಮುಚ್ಚಿದ ರೆಪ್ಪೆಯ ಮೇಲೆ ದಪ್ಪಗೆ ಜೆಲ್ ಹಾಕಿ, ಕಣ್ಣುಗುಡ್ಡೆಯ 3 ಮಿ.ಮೀ. ಹಿಂದೆ ಅಳೆಯಬೇಕು. ತಾತ್ವಿಕವಾಗಿ ಸುಂದರವಾದ ಪರೀಕ್ಷೆ. ತೊಂದರೆ ಇರುವುದು ಅಳತೆಯ ಗಾತ್ರದಲ್ಲಿ: ಬೇರೆ ಬೇರೆ ಅಧ್ಯಯನಗಳು ಅಪಾಯದ ಗಡಿಯನ್ನು 5 ಮಿ.ಮೀ.ನಿಂದ ಸುಮಾರು 6 ಮಿ.ಮೀ.ವರೆಗೆ ಬೇರೆ ಬೇರೆ ಕಡೆ ಎಳೆದಿವೆ. ಪರದೆಯ ಮೇಲೆ ಕ್ಯಾಲಿಪರಿನ ಕೂಡುಗುರುತನ್ನು ಕವಚದ ಒಳಅಂಚಿಗೆ ಇಡುತ್ತೀರೋ ಹೊರಅಂಚಿಗೆ ಇಡುತ್ತೀರೋ ಎಂಬುದರಲ್ಲೇ ಆ ವ್ಯತ್ಯಾಸದ ಬಹುಪಾಲು ಕಳೆದುಹೋಗುತ್ತದೆ. ಒಮ್ಮೆ ಬಹಳ ಹಿಗ್ಗಿದ ಕವಚ, ಒತ್ತಡ ಇಳಿದ ಮೇಲೂ ಕೂಡಲೇ ಕುಗ್ಗದಿರಬಹುದು. ಕಣ್ಣುಗುಡ್ಡೆಗೆ ಗಾಯವಾಗಿದೆ ಎಂಬ ಅನುಮಾನವಿದ್ದರೆ ಪ್ರೋಬನ್ನು ಅಲ್ಲಿಗೆ ತರಲೇಬಾರದು. ಮುಖಕ್ಕೂ ಪೆಟ್ಟಾದ ನಮ್ಮ ರೋಗಿಗಳಲ್ಲಿ ಇದು ಅಪರೂಪವೇನಲ್ಲ. ಯಂತ್ರವನ್ನು ಕಣ್ಣಿನ ಸೆಟ್ಟಿಂಗಿಗೆ ಬದಲಿಸುವುದನ್ನೂ ಮರೆಯಬಾರದು. ಕಣ್ಣಿಗೆ ಮೆಕ್ಯಾನಿಕಲ್ ಇಂಡೆಕ್ಸ್ (ಶಬ್ದತರಂಗದ ಬಲ ಸೂಚಿಸುವ ಅಂಕಿ) 0.23 ಮೀರಬಾರದೆಂಬ ಮಿತಿಯಿದೆ, ಹೊಟ್ಟೆಯ ಸೆಟ್ಟಿಂಗ್ ಅದನ್ನು ಸುಲಭವಾಗಿ ದಾಟುತ್ತದೆ.

ಕಪಾಲದ ಮೂಲಕ ರಕ್ತದ ಹರಿವಿನ ವೇಗ ನೋಡುವ ಡಾಪ್ಲರಿನ ಕಥೆ ಇದಕ್ಕಿಂತ ಮೇಲು. ರೂನೆ ಆಸ್ಲಿಡ್ ಮತ್ತು ಸಂಗಡಿಗರು 1982ರಲ್ಲಿ ಈ ವಿಧಾನವನ್ನು ಪ್ರಕಟಿಸಿದಂದಿನಿಂದ ಇದರ ಮೂಲತತ್ತ್ವ ಬದಲಾಗಿಲ್ಲ. 45ರಿಂದ 60 ಮಿ.ಮೀ. ಆಳದಲ್ಲಿ ಮಿದುಳಿನ ದೊಡ್ಡ ಧಮನಿಗಳಲ್ಲೊಂದಾದ ಮಿಡಲ್ ಸೆರೆಬ್ರಲ್ ಧಮನಿಯ ಹರಿವನ್ನು ಹಿಡಿದು, ಹೃದಯ ಸಡಿಲಗೊಂಡಾಗಿನ ವೇಗ ಸೆಕೆಂಡಿಗೆ 20 ಸೆಂ.ಮೀ.ಗಿಂತ ಕೆಳಗಿಳಿದಿದ್ದರೆ ಮತ್ತು ಪಲ್ಸಟಿಲಿಟಿ ಇಂಡೆಕ್ಸ್ (ಪ್ರತಿ ಬಡಿತದಲ್ಲಿ ಆ ವೇಗ ಎಷ್ಟು ಏರಿಳಿಯುತ್ತದೆ ಎಂಬ ಅಂಕಿ) 1.4ನ್ನು ದಾಟಿದ್ದರೆ, ಮಿದುಳಿಗೆ ರಕ್ತ ಸಾಲುತ್ತಿಲ್ಲವೆಂಬ ಗಂಭೀರ ಎಚ್ಚರಿಕೆಯೆಂದು ತಿಳಿಯುತ್ತೇವೆ. ಎಮರ್ಜೆನ್ಸಿಯಲ್ಲಿ ಒಂದೇ ಸಮಯಕ್ಕೆ ಮೂವರು ಗಾಯಾಳುಗಳು ಬಂದಾಗ, ಯಾರಿಗೆ ಮೊದಲು ರಕ್ತದೊತ್ತಡ ಏರಿಸಬೇಕು, ಯಾರನ್ನು ಮೊದಲು ಸಿ.ಟಿ.ಗೆ ಒಯ್ಯಬೇಕು ಎಂದು ನಿರ್ಧರಿಸಲು ಇದು ನಮಗೆ ನಿಜವಾಗಿ ನೆರವಾಗಿದೆ. ಆದರೆ ವೆಂಟಿಲೇಟರ್ ವೇಗವಾಗಿ ಉಸಿರಾಡಿಸಿ ಇಂಗಾಲದ ಡೈಆಕ್ಸೈಡ್ ತಗ್ಗಿದ್ದರೂ ಇಂಡೆಕ್ಸ್ ಏರುತ್ತದೆ, ರಕ್ತದೊತ್ತಡ ಕುಸಿದಿದ್ದರೂ ಏರುತ್ತದೆ. ಆ ಎರಡು ಅಂಕಿಗಳನ್ನು ಪಕ್ಕದಲ್ಲಿ ಬರೆದುಕೊಳ್ಳದೆ ಇಂಡೆಕ್ಸನ್ನು ಮಾತ್ರ ಕೇಸ್‌ಶೀಟಿನಲ್ಲಿ ದಾಖಲಿಸುವುದಕ್ಕೆ ಅರ್ಥವಿಲ್ಲ.

ಇವೆರಡು ಅಳತೆಗಳ ಮೇಲೆ ಮಾತ್ರ ನಿಂತು ಒಬ್ಬರ ಮೂಳೆ ತೆಗೆಯುವ ನಿರ್ಧಾರ ಮಾಡಬಾರದೆಂಬುದು ನನ್ನ ಗಟ್ಟಿ ನಿಲುವು. 2016ರ ರೆಸ್ಕ್ಯೂ-ಐಸಿಪಿ ಅಧ್ಯಯನದಲ್ಲಿ, ಒತ್ತಡ ಯಾವ ಔಷಧಿಗೂ ಜಗ್ಗದಿದ್ದ 408 ರೋಗಿಗಳ ಪೈಕಿ, ಮೂಳೆ ತೆಗೆದವರಲ್ಲಿ ಆರು ತಿಂಗಳೊಳಗಿನ ಸಾವು 26.9 ಶೇಕಡಾ, ಔಷಧಿಯ ಚಿಕಿತ್ಸೆ ಮಾತ್ರ ಮುಂದುವರಿದವರಲ್ಲಿ 48.9 ಶೇಕಡಾ. ಬದುಕುಳಿದವರು ಹೆಚ್ಚಾದರು, ಆದರೆ ಅರಿವಿಲ್ಲದ ಸ್ಥಿತಿಯಲ್ಲಿ ಉಳಿದವರೂ 2.1ರ ಬದಲು 8.5 ಶೇಕಡಾ ಆದರು. ಇಷ್ಟು ಭಾರವಾದ ತೀರ್ಮಾನವನ್ನು, ಮನೆಯವರ ಇಡೀ ಬದುಕನ್ನು ಬದಲಿಸುವ ತೀರ್ಮಾನವನ್ನು, ಅರ್ಧ ಮಿಲಿಮೀಟರಿನ ಕವಚದ ವ್ಯತ್ಯಾಸಕ್ಕೆ ಒಪ್ಪಿಸಲಾಗದು. ಮಿದುಳಿನೊಳಗೆ ಇಡುವ ಒತ್ತಡಮಾಪಕ ತಂತಿ, ಅದರ 22 ಎಂಎಂ ಪಾದರಸದ ಗಡಿ, ಇಂದಿಗೂ ಅಳತೆಗೋಲು. ಒಮ್ಮೆ ಬಳಸಿ ಎಸೆಯುವ ಆ ತಂತಿಗೆ ಹತ್ತಾರು ಸಾವಿರ ರೂಪಾಯಿ ಬೀಳುತ್ತದೆ, ಎಲ್ಲ ರೋಗಿಗಳಿಗೂ ಹಾಕಲಾಗುವುದಿಲ್ಲ ಎಂಬುದೂ ನಿಜ. ಬೊಲಿವಿಯಾ ಮತ್ತು ಈಕ್ವೆಡಾರ್ ದೇಶಗಳಲ್ಲಿ 324 ರೋಗಿಗಳ ಮೇಲೆ ನಡೆದು 2012ರಲ್ಲಿ ಪ್ರಕಟವಾದ ಅಧ್ಯಯನವು, ತಂತಿಯಿಲ್ಲದೆಯೂ ಕಟ್ಟುನಿಟ್ಟಾದ ದೈಹಿಕ ಪರೀಕ್ಷೆ ಮತ್ತು ಮರುಸ್ಕ್ಯಾನುಗಳ ಮೇಲೆ ನಡೆದ ಚಿಕಿತ್ಸೆಯ ಫಲಿತಾಂಶ ಹಿಂದೆ ಬೀಳಲಿಲ್ಲವೆಂದು ತೋರಿಸಿದೆ. ನಮ್ಮಂತಹ ಕಡೆ ಅಲ್ಟ್ರಾಸೌಂಡಿನ ಸ್ಥಾನ ಅಲ್ಲಿಯೇ: ಆ ಪರೀಕ್ಷೆಗೆ ಸೇರುವ, ಗಂಟೆಗೊಮ್ಮೆ ಮತ್ತೆ ನೋಡಬಹುದಾದ ಇನ್ನೊಂದು ಸಾಕ್ಷ್ಯ. ಒಂದು ಬಾರಿಯ ಅಂಕಿಗಿಂತ, ಒಬ್ಬರೇ ವೈದ್ಯರು ಅಳೆದ ಏರಿಳಿತದ ದಿಕ್ಕನ್ನು ನಾನು ಹೆಚ್ಚು ನಂಬುತ್ತೇನೆ.

ಹಾಗೆ ನೋಡಿದರೆ ತಲೆಪೆಟ್ಟಿಗೆ ಅಲ್ಟ್ರಾಸೌಂಡ್ ಹೊಸದಲ್ಲ. ಸ್ವೀಡನ್ನಿನ ಲುಂಡ್ ನಗರದಲ್ಲಿ ಲಾರ್ಸ್ ಲೆಕ್ಸೆಲ್ 1950ರ ದಶಕದಲ್ಲಿ, ಲೋಹದಲ್ಲಿನ ಬಿರುಕು ಪತ್ತೆಹಚ್ಚುವ ಕೈಗಾರಿಕಾ ಯಂತ್ರದಿಂದಲೇ ಮಿದುಳಿನ ಮಧ್ಯರೇಖೆ ಪಕ್ಕಕ್ಕೆ ಸರಿದಿರುವುದನ್ನು ಕಂಡುಹಿಡಿದಿದ್ದರು. ಸಿ.ಟಿ. ಬಂದ ಮೇಲೆ ಆ ವಿದ್ಯೆ ಮೂಲೆಗೆ ಸೇರಿತು. ಓ.ಟಿ.ಯ ಮೇಜಿನ ಬಳಿ ಅದು ಮತ್ತೆ ಬಂದಿರುವುದು ನನಗೆ ಬಹಳ ಸಂತೋಷದ ಸಂಗತಿ.

ಯಂತ್ರದ ಬಗ್ಗೆಯೇ ಕೆಲವು ಮಾತು. ಚಿತ್ರದ ಗುಣಮಟ್ಟ ಈ ದರ್ಜೆಗೆ ಚೆನ್ನಾಗಿದೆ. ಟಚ್ ಪರದೆ ಸ್ಟೆರೈಲ್ ಪ್ಲಾಸ್ಟಿಕ್ಕಿನ ಅಡಿಯಲ್ಲಿ ಬೆರಳಿಗೆ ಸರಿಯಾಗಿ ಸ್ಪಂದಿಸುವುದಿಲ್ಲ, ಆದ್ದರಿಂದ ಆಳ ಬದಲಿಸಲು ಒಬ್ಬ ನರ್ಸ್ ಯಂತ್ರದ ಬಳಿ ನಿಲ್ಲಬೇಕು. ಮಿದುಳಿಗೆಂದೇ ಸಿದ್ಧ ಸೆಟ್ಟಿಂಗ್ ಇರಲಿಲ್ಲ. ಹೊಟ್ಟೆಯ ಸೆಟ್ಟಿಂಗನ್ನು ತಿದ್ದಿ ನಮ್ಮದೇ ಹೆಸರಿನಲ್ಲಿ ಉಳಿಸಿಕೊಂಡೆವು. ಚಿಕ್ಕ ಪ್ರೋಬಿಗೆ ಹೊಂದುವ ಕವರ್ ಸರಬರಾಜು ಆಗಾಗ ನಿಲ್ಲುತ್ತದೆ, ದೊಡ್ಡ ಕವರಿನಲ್ಲಿ ಗಾಳಿ ಸೇರಿ ಚಿತ್ರ ಹಾಳಾಗುತ್ತದೆ. ಕೊಳ್ಳುವ ಒಪ್ಪಂದದಲ್ಲೇ ಕವರುಗಳ ಪೂರೈಕೆಯನ್ನು ಬರೆಸಿಕೊಳ್ಳಿ.

ಕಾನೂನಿನ ಕೆಲಸವನ್ನು ಯಂತ್ರ ಬರುವ ಮೊದಲೇ ಮುಗಿಸಿಕೊಳ್ಳಬೇಕು. ಭ್ರೂಣಲಿಂಗ ಪತ್ತೆಯನ್ನು ತಡೆಯುವ 1994ರ ಪಿಸಿಪಿಎನ್‌ಡಿಟಿ ಕಾಯ್ದೆಯಡಿ, ತಲೆಗೆ ಮಾತ್ರ ಬಳಸುವ ಯಂತ್ರಕ್ಕೂ ಜಿಲ್ಲೆಯ ಸಕ್ಷಮ ಪ್ರಾಧಿಕಾರದಲ್ಲಿ ನೋಂದಣಿ ಬೇಕು, ಮತ್ತು ನೋಂದಾಯಿಸಿದ ಆವರಣದಿಂದ ಅದನ್ನು ಹೊರಗೆ ಒಯ್ಯುವಂತಿಲ್ಲ. ಪಕ್ಕದ ಆಸ್ಪತ್ರೆಗೆ ಒಂದು ರಾತ್ರಿಯ ಮಟ್ಟಿಗೆ ಕೊಟ್ಟು ತರುವ ಮಾತು ಇಲ್ಲಿ ನಡೆಯುವುದಿಲ್ಲ. ಕಾಯ್ದೆಯ ಉದ್ದೇಶವನ್ನು ನಾನು ಮನಸಾರೆ ಒಪ್ಪುತ್ತೇನೆ. ಕಾಗದಪತ್ರಕ್ಕೆ ಹಿಡಿಯುವ ಸಮಯವನ್ನು ಲೆಕ್ಕಕ್ಕೆ ಹಿಡಿದೇ ಆರ್ಡರ್ ಕೊಡಬೇಕು ಎಂಬುದಷ್ಟೇ ನನ್ನ ಸಲಹೆ.

ತರಬೇತಿಗೆ ಬರುವ ಪಿ.ಜಿ. ವಿದ್ಯಾರ್ಥಿಗಳಿಗೆ ನಾವು ಈಗ ಕಡ್ಡಾಯ ಮಾಡಿರುವುದು ಒಂದೇ: ಸುಲಭವಾದ ಕೇಸಿನಲ್ಲೂ, ಮಿದುಳು ಸಡಿಲವಾಗಿರುವಾಗಲೂ, ಡ್ಯೂರಾ ಬಿಚ್ಚುವ ಮೊದಲು ಎದುರು ಬದಿಯ ಮೂಳೆಯ ಗೆರೆ ಸಿಗುವವರೆಗೂ ಪ್ರೋಬ್ ಹಿಡಿದು ನೋಡಬೇಕು. ಆ ಗೆರೆಯನ್ನು ಆರಾಮದಲ್ಲಿ ಹಲವು ಬಾರಿ ಕಂಡಿರುವ ಕೈಗೆ ಮಾತ್ರ, ಮಿದುಳು ಉಬ್ಬುತ್ತಿರುವ ನಿಮಿಷದಲ್ಲಿ ಅದು ತಡವಿಲ್ಲದೆ ಸಿಗುತ್ತದೆ.